ಸೋತ ಪಾಠದ ಶುಕ್ರವಾರ

ಮಹಡಿಯ ಕೋಣೆ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಮುದ್ದಿನ ತಮ್ಮಾ,

ಮಂಡಿ ಹೇಗಿದೆಯೋ? ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತಬೇಡ ಎಂದರೆ ನೀನು ಮಗಳ ಮನೆಯ ತಾರಸಿಗೇ ಹೋಗಿ ನಿಂತಿದ್ದೆಯಂತೆ. ಅವಳೇ ಫೋನಿನಲ್ಲಿ ದೂರಿದಳು. ಚಿಕ್ಕವನಿದ್ದಾಗಲೂ ಅಷ್ಟೆ, ಬೇಡ ಎಂದದ್ದನ್ನೇ ಮಾಡುವವನು. ಈಗ ಆ ಚಾಳಿ ನನಗೂ ಹತ್ತಿದೆ. ನಾನು ಚೆನ್ನಾಗಿದ್ದೇನೆ. ಕನ್ನಡಕ ಹಳೆಯದಾಗಿದೆ, ಬಾಯಿ ಇನ್ನೂ ಹೊಸದೇ.

ನಿನ್ನ ಸಂದೇಶ ಓದಿದೆ. “ಅಕ್ಕಾ, ನನ್ನ ಮುಖ ನೋಡಿಯಾದ್ರೂ ಒಂದ್ಸಲ ತಪ್ಪಾಯ್ತು ಅಂದ್ಬಿಡು.” ಆ ಮುಖವನ್ನು ತೊಟ್ಟಿಲಿನಿಂದ ನೋಡುತ್ತಿದ್ದೇನೆ ಮರೀ, ಅದಕ್ಕಾಗಿ ಏನೇನೋ ಮಾಡಿದ್ದೇನೆ. ಇದೊಂದನ್ನು ಮಾಡಲಾರೆ. ನಾನು ಪಾಠ ಹೇಳುವ ಸಂಸ್ಥೆಯ ಕಮಿಟಿಯಲ್ಲಿ ನೀನೂ ಇದ್ದೀಯ, ಕಾರ್ಯದರ್ಶಿ ತಮ್ಮ ಕಡೆಯ ಕಥೆ ಹೇಳಿರುತ್ತಾರೆ. ನನ್ನದನ್ನೂ ಕೇಳು.

ಹೊರಗಿನಿಂದ ದುಡಿಯಲು ಬಂದವರಿಗೆ ನಾನು ಸಂಜೆ ಈ ಊರಿನ ಭಾಷೆ ಕಲಿಸುತ್ತೇನಲ್ಲ, ಅವರಲ್ಲಿ ಬ್ರೆಡ್ ಕಾರ್ಖಾನೆಯವನೊಬ್ಬ ಇದ್ದಾನೆ. ಗೋಡೆಗೆ ಮನುಷ್ಯನ ಚಿತ್ರ ಅಂಟಿಸಿ ತಲೆ, ಹೊಟ್ಟೆ, ಮೊಣಕೈ ಎಂದು ಹೇಳಿಕೊಟ್ಟೆ. ಗಿಣಿಯ ಹಾಗೆ ಒಪ್ಪಿಸಿದ. ನಾನು ಹಿಗ್ಗಿದೆ. ಆ ವಾರವೇ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದವನು, ಯಾವಾಗಿನಿಂದ, ಯಾವ ಥರ ಎಂದು ಡಾಕ್ಟರು ಕೇಳಿದರೆ ಮಾತು ಹೊರಡದೆ ಎದ್ದು ಬಂದ. ನೋವು ಹೊಟ್ಟೆಯಲ್ಲೇ ಉಳಿಯಿತು, ನನ್ನ ಪಾಠ ಗೋಡೆಯ ಮೇಲೆ.

ಭಾಷೆ ಕಲಿಸುವವರ ನಮ್ಮ ಆನ್‌ಲೈನ್ ಗುಂಪಿನಲ್ಲಿ ಒಂದು ರೂಢಿ ಇದೆ. ಶುಕ್ರವಾರ ಯಾರೂ ಗೆದ್ದದ್ದನ್ನು ಬರೆಯುವಂತಿಲ್ಲ, ಸೋತ ಪಾಠವನ್ನಷ್ಟೇ ಬರೆಯಬೇಕು. ಬರೆದೆ. ಸಂಸ್ಥೆಯ ಹೆಸರಿಲ್ಲ, ಅವನ ಹೆಸರೂ ಇಲ್ಲ. ಎಲ್ಲೋ ಸಮುದ್ರದಾಚೆ ಒಬ್ಬ ಮೇಷ್ಟ್ರಿದ್ದಾರೆ, ‘ಸೀಮೆಸುಣ್ಣ’ ಎಂದೇ ಅವರನ್ನು ಕರೆಯುವುದು. ಅವರ ಉತ್ತರ ಬಂತು: “ಅಜ್ಜೀ, ನೀವು ದಡ್ಡ ಡಾಕ್ಟರಾಗಿ. ಅವರೇ ನಿಮ್ಮನ್ನ ತಿದ್ದಲಿ.” ಸೋಮವಾರ ಬಿಳಿ ಬೆಡ್‌ಶೀಟ್ ಹೊದ್ದು ಕೂತೆ. ಅವನು ಹೊಟ್ಟೆ ಎಂದ, ನಾನು ಕಾಲಿಗೆ ಪಟ್ಟಿ ಸುತ್ತಿದೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವಾಕೆ, ಸೇರಿದಂದಿನಿಂದ ತುಟಿ ಎರಡು ಮಾಡದವಳು, ಎದ್ದು ನಿಂತು ಕೂಗಿದಳು: “ಅಯ್ಯೋ ಡಾಕ್ಟ್ರೇ, ಕಾಲಲ್ಲ, ಹೊಟ್ಟೆ! ಊಟ ಆದ್ಮೇಲೆ ಉರಿಯುತ್ತಂತೆ, ಸ್ವಲ್ಪ ಕೇಳಿಸ್ಕೊಳ್ಳಿ!” ನಕ್ಕು ನಕ್ಕು ಎಲ್ಲರಿಗೂ ಹೊಟ್ಟೆನೋವು. ಎರಡು ದಿನ ಬಿಟ್ಟು ಅವನು ಒಬ್ಬನೇ ಆಸ್ಪತ್ರೆಗೆ ಹೋಗಿ, ಎಲ್ಲ ಹೇಳಿ, ಔಷಧಿ ತಂದ.

ಕಾರ್ಯದರ್ಶಿಗೆ ಕಂಡದ್ದು ಸೋತ ಅರ್ಧ ಮಾತ್ರ. ಯಾರೋ ತೋರಿಸಿದರಂತೆ, ಇವರು ಹೆಗಲು ಮುಟ್ಟಿ ನೋಡಿಕೊಂಡರು. “ಸಂಸ್ಥೆ ಮರ್ಯಾದೆ ಬೀದಿಗೆ ಹಾಕಿದ್ರಲ್ಲಮ್ಮಾ! ಬರೆದಿದ್ದು ಅಳಿಸಿ, ಗುಂಪು ಬಿಡಿ. ಇಲ್ಲಾಂದ್ರೆ ಸೋಮವಾರದೊಳಗೆ ಕ್ಲಾಸ್‌ರೂಮ್ ಬೀಗದ ಕೈ ಕೊಡಿ.”

ಹುಣ್ಣು ಮುಚ್ಚಿಟ್ಟರೆ ಮಾಯುತ್ತದೆಯೇನೋ? ಬಾಗಿಲು ಹಾಕಿಕೊಂಡು ಕಲಿಸುವ ಮೇಷ್ಟ್ರು ಪಾಠ ಕೆಟ್ಟರೆ ಕಲಿಯುವವರನ್ನು ದಡ್ಡರೆಂದು ಬೈದು ಮನೆಗೆ ಹೋಗುತ್ತಾರೆ, ಮರುವರ್ಷ ಅದೇ ಪಾಠವನ್ನು ಅಷ್ಟೇ ಚೆನ್ನಾಗಿ ಕೆಡಿಸುತ್ತಾರೆ. ನಾನು ತರಬೇತಿ ಕಾಲೇಜಿನ ಹೊಸಿಲು ತುಳಿದವಳಲ್ಲ. ನನ್ನ ಕಾಲೇಜು ಈ ಗುಂಪೇ. ಅಲ್ಲಿ ಜಗಳಗಂಟರಿದ್ದಾರೆ, ಪುಟಗಟ್ಟಲೆ ಕೊರೆಯುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನೀವೇನು ಓದಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ. ನಾಳೆ ಏನು ಮಾಡ್ತೀರಿ ಎಂದು ಕೇಳಿದರು. ಹಾಗಾಗಿ ಅಳಿಸುವುದಿಲ್ಲ, ಬಿಡುವುದೂ ಇಲ್ಲ. ಮೊನ್ನೆ ಶುಕ್ರವಾರ ಇನ್ನೊಂದು ಸೋತ ಪಾಠ ಬರೆದಿದ್ದೇನೆ, ಬೇಕಾದರೆ ಅದನ್ನೂ ಕಮಿಟಿಗೆ ತೋರಿಸು.

ಮಗಳಿಗೂ ಅಳಿಯನಿಗೂ ಈ ಮುದುಕಿಯ ಆಶೀರ್ವಾದ. ನೀನು ಕೋಲು ಹಿಡಿದೇ ನಡೆ. ನನ್ನ ಮೇಲೆ ಸಿಟ್ಟು ಬಂದರೆ ಕೂತುಕೊಂಡೇ ಸಿಟ್ಟು ಮಾಡು.

ನಿನ್ನ
ಬಾಯಿಬಡುಕಿ ಅಕ್ಕ

ತಾ.ಕ.: ಕ್ಲಾಸ್‌ರೂಮಿನ ಬೀಗದ ಕೈಯನ್ನು ನಿನ್ನೆಯೇ ಕಾರ್ಯದರ್ಶಿಯ ಮೇಜಿನ ಮೇಲೆ ಇಟ್ಟು ಬಂದೆ. ಗಿಡಕ್ಕೆ ನೀರು ಹಾಕಲೆಂದು ನೀನು ಕೊಟ್ಟಿದ್ದೆಯಲ್ಲ, ನಿನ್ನ ಮನೆಯದು, ಅದು ನನ್ನ ಹತ್ತಿರವೇ ಇದೆ. ಸೋಫಾ ಗೋಡೆಗೆ ಸರಿಸಿದ್ದೇವೆ, ನಿನ್ನ ಊಟದ ಮೇಜೇ ಈಗ ಡಾಕ್ಟರ ಮೇಜು. ನಾಳೆ ಸಂಜೆಯಿಂದ ತರಗತಿ ಅಲ್ಲೇ. ಬೇಡವೆಂದಾದರೆ ನೀನೇ ಬಂದು ಅವರನ್ನು ಎಬ್ಬಿಸು. ಆದರೆ ಒಂದು ಹೇಳಿರುತ್ತೇನೆ, ‘ಯಾಕೆ’ ಎಂದು ಕೇಳುವುದನ್ನು ಅವರಿಗೆ ಹೋದ ವಾರವೇ ಕಲಿಸಿಯಾಗಿದೆ.