ಸಿಡಿಲಿನ ಖಾನೆ

ಡಾಕ್ಟರ್ ಹಾಲ್ವರ್ಸನ್ ಅವರಿಗೆ,

ಮೊಂಟಾನಾದ ಕಾಳ್ಗಿಚ್ಚಿನ ಅಧ್ಯಯನ ಕೇಂದ್ರ ನಮ್ಮೂರಿಗೇ ಬರಲೆಂದು ಊರೂರು ಭಾಷಣ ಬಿಗಿದವನು ನಾನೇ. ಕೇಂದ್ರದ ನಿಮ್ಮ ಬೆಂಕಿ-ಕಾರಣಗಳ ಪಟ್ಟಿಯಲ್ಲಿ ನಮ್ಮ ಗುಡ್ಡದ ಬೆಂಕಿ ಸಿಡಿಲಿನ ಖಾನೆಯಲ್ಲಿದೆ. ಹಾಗೆ ಬರೆಸಿದವನೂ ನಾನೇ. ಅಲ್ಲಿಂದ ತೆಗೆಯಿರಿ, ಸುಳ್ಳಿನ ಮೇಲೆ ನಿಮ್ಮ ಲೆಕ್ಕ ನಿಲ್ಲುವುದು ಬೇಡ.

ಆ ಬೆಂಕಿಯ ಹಿಂದಿನ ಶರತ್ಕಾಲದಲ್ಲಿ ಗುಡ್ಡದ ಮೇಲೆ ಪೈನ್ ಕೊಂಬೆಗಳ ರಾಶಿ ಸುಟ್ಟಿದ್ದೆ. ಬೂದಿಗೆ ಬರಿಗೈಯಿಟ್ಟು, ತಣ್ಣಗಾಗಿದ್ದರೆ ಮಾತ್ರ ಮನೆಗೆ ಹೋಗುವುದು ನಮ್ಮಲ್ಲಿನ ಪದ್ಧತಿ. ಅಂದು ಚಳಿಯೆಂದು ಕೈಗವಸು ತೆಗೆಯಲಿಲ್ಲ. ಚಳಿಗಾಲವಿಡೀ ಹಿಮದಡಿ ಬದುಕಿದ್ದ ಕೆಂಡ ಮೇ ತಿಂಗಳಲ್ಲಿ ಎದ್ದು ನೆರೆಯ ಓರ್ವಿಲ್‌ನ ಮನೆ ನುಂಗಿತು.

"ಮೋಡಾನೇ ಇರ್ಲಿಲ್ಲ ಕಣೋ, ಸಿಡಿಲೇನು ನಿನ್ ಜೇಬಿಂದ ಬಿತ್ತಾ?" ಎಂದು, ನಾನು ಸಿಡಿಲಿನ ಕಥೆ ಹೇಳಿದಾಗ ಅವನು ನಕ್ಕಿದ್ದ. ನಾನೂ ನಕ್ಕುಬಿಟ್ಟೆ.

ಕೇಂದ್ರದ ಉದ್ಘಾಟನೆಗೆ ನನ್ನ ಭಾಷಣ ಬೇಡ. ತಿದ್ದುವುದನ್ನು ಮಾತ್ರ ಸೋಮವಾರದವರೆಗೆ ತಡೆಯಿರಿ. ಓರ್ವಿಲ್ ಅದನ್ನು ನಿಮ್ಮ ಪಟ್ಟಿಯಲ್ಲಿ ಓದುವ ಮೊದಲು ನನ್ನ ಬಾಯಿಂದ ಕೇಳಲಿ.

ತಲೆ ತಗ್ಗಿಸಿ,
ಡೆಲ್ಬರ್ಟ್ ಕ್ರೋಗರ್