ಬೇಸಿನ್ ಪಕ್ಕದ ಟ್ರೇಗಳು

ಜೂನ್ 9, ಭಾನುವಾರ, ಸಂಜೆ

ಅಕ್ಕಾ, ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೂ ಹತ್ತುತ್ತೀಯಂತೆ. ಭಾವನ ಕೆಮ್ಮು ನಿಂತಿತೇ? ಸೊಸೆಗೆ ಈಗ ಊಟ ಸೇರುತ್ತಿದೆಯೇ? ಪುಟಾಣಿಯ ಹಲ್ಲು ಬಂತೇ?

ಇಷ್ಟು ಸಾಕು. ಉಳಿದದ್ದು ಪತ್ರದ ಹಾಳೆಯಲ್ಲೇ ಬರೆದುಕೊಳ್ಳುವೆ. ಶಾಲೆಗೆ ಹೋಗದೆ ಕಲಿತ ಅಕ್ಷರ, ಮೊದಲು ಈ ಡೈರಿಯಲ್ಲಿ ಗೀಚದಿದ್ದರೆ ಪತ್ರದ ತುಂಬ ಹೊಡೆದುಹಾಕಿದ ಗೆರೆ.

ಬರೆಯುತ್ತಿರುವಾಗಲೇ ಅಕ್ಕನ ಕೊನೆಯ ಮಗಳ ಫೋನು. ನಮ್ಮ ಚೂಟಿ. ಡಿಗ್ರಿ ಮುಗಿಯಿತು, ನಾಳೆ ಮೊದಲ ಕೆಲಸ. ಬಿತ್ತನೆ ಬೀಜ ಪರೀಕ್ಷೆ ಮಾಡುವ ಲ್ಯಾಬು. ಬೇರೆ ಊರು, ಬಾಡಿಗೆ ರೂಮು, ಮೂರು ತಿಂಗಳು ಪ್ರೊಬೇಶನ್.

"ಮಾವ, ಏನಾದ್ರೂ ಬುದ್ಧಿ ಹೇಳಿ."

ಕೇಳಿದರೆ ಬಿಡುತ್ತೇನೆಯೇ! "ಎಲ್ಲರಿಗಿಂತ ಮೊದಲು ಹೋಗು. ಕೊಳೆ ಕಂಡ್ರೆ ಯಾರಾದ್ರೂ ಹೇಳ್ಲಿ ಅಂತ ಕಾಯ್ಬೇಡ, ತೊಳೆದುಬಿಡು. ಗ್ಯಾರೇಜಲ್ಲಿ ನಾನು ಮೇಸ್ತ್ರಿ ಕಣ್ಣಿಗೆ ಬಿದ್ದಿದ್ದೇ ಹಂಗೆ."

ನನ್ನವಳು ಒಳಗಿನಿಂದ: "ಅಷ್ಟು ಓದಿದ ಹುಡುಗಿಗೆ ಪಾತ್ರೆ ತೊಳಿ ಅಂತಾರಲ್ಲ, ಪುಣ್ಯಾತ್ಮರು!"

ಜೂನ್ 13

ಚೂಟಿಯ ಮೆಸೇಜು. ದಿನಾ ಮೊದಲು ಹೋಗುತ್ತಿದ್ದಾಳಂತೆ. ವಾಚ್‌ಮನ್ ಬೀಗದ ಕೈ ಇವಳಿಗೇ ಕೊಡುತ್ತಾನಂತೆ. ನನ್ನವಳಿಗೆ ಓದಿ ತೋರಿಸಿದೆ. ಒಲೆ ಕಡೆ ತಿರುಗಿಕೊಂಡಳು. ಗೆದ್ದೆ.

ಜೂನ್ 17, ಸೋಮವಾರ

ಗ್ಯಾರೇಜಿನ ಶಟರ್ ಇನ್ನೂ ಅರ್ಧ ಎತ್ತಿದ್ದೆ, ಫೋನು. ಚೂಟಿಯ ಪಿಸುದನಿ. ಲ್ಯಾಬಿನ ಮೆಟ್ಟಿಲ ಕೆಳಗೆ ನಿಂತು ಮಾತಾಡುತ್ತಿದ್ದಳು.

"ಮಾವ... ತಪ್ಪಾಗೋಯ್ತು."

ಬೇಸಿನ್ ಪಕ್ಕದಲ್ಲಿ ಒಂದಷ್ಟು ಟ್ರೇ. ಒದ್ದೆ ಕಾಗದದ ಮೇಲೆ ಬೀಜ, ಅರ್ಧಕ್ಕರ್ಧ ಬೂಷ್ಟು. ಕೊಳೆತಿದೆ ಎಂದುಕೊಂಡು ಎಲ್ಲವನ್ನೂ ಕಸದ ಬುಟ್ಟಿಗೆ ಸುರಿದು, ಟ್ರೇಗಳನ್ನು ಸೋಪು ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ಬೋರಲು ಹಾಕಿದ್ದಾಳೆ. ಅದೇ ಪರೀಕ್ಷೆ! ಎಷ್ಟು ಮೊಳೆತವು, ಎಷ್ಟಕ್ಕೆ ಬೂಷ್ಟು ಹಿಡಿಯಿತು ಎಂದು ಇವತ್ತು ಎಣಿಸಬೇಕಿತ್ತು.

ತೊಳೆದದ್ದು ಅವಳ ಕೈ, ತೊಳೆಸಿದ್ದು ನನ್ನ ಬಾಯಿ.

"ಮಾವ, ಇನ್ನೊಂದು... ಟೆಕ್ನಿಷಿಯನ್ ಬಂದು ನೋಡಿ, 'ಆಯಾ ತೊಳೆದುಬಿಟ್ಲಾ, ಇವತ್ತು ಅವಳ ಕಥೆ ಮುಗೀತು' ಅಂದ್ರು. ನಾನು ಸುಮ್ನೆ ನಿಂತಿದ್ದೆ. ಲ್ಯಾಬು ಕ್ಲೀನ್ ಮಾಡೋ ಆಯಾ ಇನ್ನೂ ಬಂದಿಲ್ಲ. ಲ್ಯಾಬಿನ ಹೆಡ್ ಮೇಡಮ್ಮೂ ಬಂದಿಲ್ಲ. ಹೇಳಿದ್ರೆ ಕೆಲಸ ಹೋಗತ್ತೆ ಮಾವ."

ಹೋಗಬಹುದು. ಹೋಗುವುದಿಲ್ಲ ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹೋದ್ರೆ ಹೋಗ್ಲಿ. ಮನೆ ಇದೆ, ನಾವಿದೀವಿ. ಬಾಗಿಲಲ್ಲೇ ನಿಂತ್ಕೊ. ಆಯಾ ಒಳಗೆ ಬರೋ ಮೊದಲೇ ಮೇಡಮ್ಮಿಗೆ ನಾನೇ ತೊಳೆದೆ ಅಂದ್ಬಿಡು. ಅಳ್ಬೇಡ. ಅಳೋದು ರೂಮಿಗೆ ಹೋದ್ಮೇಲೆ."

"ಅಮ್ಮಂಗೆ ಹೇಳ್ಬೇಡಿ."

ಫೋನು ಇಟ್ಟಳು. ಶಟರ್ ಅರ್ಧಕ್ಕೇ ನಿಂತಿತ್ತು. ಗಿರಾಕಿಯೊಬ್ಬ ಬಗ್ಗಿ ಒಳಗೆ ಬಂದ.

ಅದೇ ದಿನ, ಮಧ್ಯಾಹ್ನ

ಮೆಸೇಜು. "ಹೇಳಿದೆ. ಹೆಡ್ ಆಫೀಸಿಗೆ ತಿಳಿಸಬೇಕಂತೆ. ಶುಕ್ರವಾರ ಗೊತ್ತಾಗತ್ತೆ. ಅಲ್ಲಿವರೆಗೂ ಫೋನ್ ಮಾಡ್ಬೇಡಿ ಮಾವ, ನಿಮ್ಮ ಧ್ವನಿ ಕೇಳಿದ್ರೆ ಅಳು ಬರತ್ತೆ."

ಜೂನ್ 19

ಅಕ್ಕನ ಫೋನು. "ನಮ್ಮ ಚೂಟಿ ಜಾಣೆ ಕಣೋ, ಒಂದು ವಾರಕ್ಕೇ ಬೀಗದ ಕೈ ಕೊಟ್ಟಿದ್ದಾರಂತೆ." ಹೂಂ ಎಂದೆ. ಇನ್ನೊಮ್ಮೆ ಹೂಂ ಎಂದೆ. "ಏನೋ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ?"

ನನ್ನವಳಿಗೆ ಮಾತ್ರ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು. ಬೈದಿದ್ದರೇ ಚೆನ್ನಾಗಿತ್ತು.

ಜೂನ್ 21, ಶುಕ್ರವಾರ

ಉಳಿಯಿತು! ಕೆಲಸ ಉಳಿಯಿತು.

ಚೂಟಿ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದಳು. "ಮೇಡಮ್ ಉಗಿದು ಉಪ್ಪಿನಕಾಯಿ ಹಾಕಿದ್ರು ಮಾವ! ಆಮೇಲೆ, 'ಎಲ್ಲಾ ಟ್ರೇನೂ ತೊಳೆದ್ಯಾ?' ಅಂದ್ರು. ಬೇಸಿನ್ ಪಕ್ಕದ್ದು ಮಾತ್ರ ಅಂದೆ. ಆ ಬೀಜದ ಚೀಲ ಇನ್ನೂ ಇತ್ತು, ಬಚಾವ್! ಹೊಸದಾಗಿ ಹಾಕ್ಬೇಕು, ರಿಪೋರ್ಟ್ ಲೇಟು, ಅಷ್ಟೇ. ಬೀಜ ಕಳಿಸಿದ ಕಂಪನಿಯವರು ಫೋನ್ ಮಾಡಿ ಕೂಗಾಡಿದಾಗ ಮೇಡಮ್ ರಿಸೀವರ್ ನನ್ನ ಕೈಗೇ ಕೊಟ್ರು. 'ತೊಳೆದ ಕೈಯೇ ಫೋನೂ ಹಿಡೀಲಿ' ಅಂತ."

"ಹೆಡ್ ಆಫೀಸು?"

"ವಾರ್ನಿಂಗ್ ಒಂದು. ಮೇಡಮ್ಮೇ ಹೇಳಿದ್ರಂತೆ, ಕೇಳೋ ಮೊದಲೇ ಬಂದು ಹೇಳಿದಾಳೆ, ಇರ್ಲಿ ಅಂತ."

"ಆಯಾ ಏನಂದ್ಲು?"

"ಬೇಸಿನ್ ಹತ್ರ ಹೋದ್ರೆ ಸಾಕು, ಸೊಂಟಕ್ಕೆ ಕೈ ಇಟ್ಕೊಂಡು ನಿಲ್ತಾರೆ. 'ನನ್ ಕೆಲಸ ನೀನ್ ಮಾಡಿದ್ರೆ, ನಿನ್ ರಿಪೋರ್ಟ್ ನಾನ್ ಬರೀಲೇನಮ್ಮ?' ಅಂತಾರೆ."

ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ನಕ್ಕೆ. ನನ್ನವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಈರುಳ್ಳಿ" ಎಂದಳು. ಕೈಯಲ್ಲಿ ಈರುಳ್ಳಿ ಇರಲಿಲ್ಲ.

ಜೂನ್ 30, ಭಾನುವಾರ

ಇವತ್ತು ಚೂಟಿಗೆ ಪತ್ರ. ಇನ್ನೊಂದು ಬುದ್ಧಿಮಾತು ಕೇಳಿದ್ದಾಳೆ. ಎಂಥ ಧೈರ್ಯ!

"ಚೂಟಿ, ನನ್ನ ಗ್ಯಾರೇಜಿನಲ್ಲಿ ಕೊಳೆ ಎಂದರೆ ಕೊಳೆಯೇ. ನಿಮ್ಮಲ್ಲಿ ಬೂಷ್ಟಿಗೂ ಲೆಕ್ಕವಿದೆ ಎಂದು ನನಗೇನು ಗೊತ್ತು? ಮುಟ್ಟುವ ಮೊದಲು ಕೇಳು. ಕೇಳಿದರೆ ದಡ್ಡಿ ಎಂದುಕೊಳ್ಳುತ್ತಾರೆ ಎಂಬ ಅಂಜಿಕೆ ಬೇಡ, ಹೊಸಬರು ಕೇಳದೆ ಇನ್ಯಾರು ಕೇಳಬೇಕು? ಬೇಗ ಹೋಗುವುದನ್ನು ಮಾತ್ರ ಬಿಡಬೇಡ. ಬೇಗ ಹೋಗಿ ಕೈಕಟ್ಟಿ ಕೂತುಕೋ.

ಅವತ್ತು ಬಾಗಿಲಲ್ಲಿ ನಿಲ್ಲು ಎಂದೆನಲ್ಲ, ಹೇಳುವುದು ಸುಲಭ. ಮೇಡಮ್ಮಿನ ಚಪ್ಪಲಿ ಸದ್ದು ಹತ್ತಿರವಾಗುತ್ತಿರುವಾಗ ನಿಂತದ್ದು ನೀನು. ಆ ಜಾಗದಲ್ಲಿ ನಾನಾಗಿದ್ದರೆ ನಿಲ್ಲುತ್ತಿದ್ದೆನೋ ಇಲ್ಲವೋ, ಆಣೆ ಮಾಡಲಾರೆ.

ಇನ್ನು ನನಗೇ ಒಂದು ವಿಷಯ ತಿಳಿಯಬೇಕು. ಹೊಸದಾಗಿ ಹಾಕಿದ ಬೀಜ ಮೊಳೆತವೇ? ಬೇರು ಮೊದಲು ಬರುತ್ತದೋ ಎಲೆಯೋ? ನಿಮ್ಮ ಅತ್ತೆ ಎಲೆ ಅನ್ನುತ್ತಾಳೆ, ನಾನು ಬೇರು ಅನ್ನುತ್ತೇನೆ, ಬೆಳಗಿನಿಂದ ಇದೇ ಜಗಳ. ಬೇಗ ಬರೆ. ಫೋನಿನಲ್ಲಿ ಬೇಡ, ಕಾಗದದಲ್ಲೇ ಬರೆ, ಚಿತ್ರ ಹಾಕಿ ತೋರಿಸಿದರೆ ಇನ್ನೂ ಚೆನ್ನ."