ಗುಂಡುಕಲ್ಲಿನಂಥ ಗಂಡನಿಗೊಂದು ಬುಕಿಂಗ್

ಭಾನುವಾರ, ಬೆಳಿಗ್ಗೆ

ನನ್ನ ಅವಸರದ ಹೆಂಡತಿಗೆ,

ನಾನು ಇಲ್ಲಿ ಕ್ಷೇಮ. ಎಲ್ಲರೂ ಕಾಗದದ ಮೊದಲ ಸಾಲಿಗೆಂದು ಬರೆಯುವ ಕ್ಷೇಮ ಇದಲ್ಲ. ಗುಂಡುಕಲ್ಲಿನ ಹಾಗಿದ್ದೇನೆ, ಎರಡು ಹೊತ್ತು ಉಣ್ಣುತ್ತಿದ್ದೇನೆ, ಮಗಳನ್ನು ಬೈಯುತ್ತಿದ್ದೇನೆ. ಫೋನ್ ಮಾಡಿದರೆ ನಿನ್ನ ತಂಗಿ ಎತ್ತಿ, ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ ಎನ್ನುತ್ತಾಳೆ. ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುವ ಚಟ ನಿನಗೆ ಯಾವಾಗ ಅಂಟಿತು? ಅದಕ್ಕೇ ಈ ಕಾಗದ. ಇದನ್ನಾದರೂ ಅವಳು ಬಾಗಿಲಲ್ಲೇ ತಡೆಯದಿರಲಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೇನೆ. ಗಂಡ ಆಸ್ಪತ್ರೆಯಲ್ಲಿ ಇನ್ನೂ ಉಸಿರಾಡುತ್ತಿರುವಾಗಲೇ ಅವನನ್ನು ಸುಡುವವರ ಹತ್ತಿರ ಬುಕ್ ಮಾಡಿ ಬಂದವಳು ನೀನೊಬ್ಬಳೇ. ಬಸ್ಸಿಗೆ ಒಂದು ಗಂಟೆ ಮುಂಚೆ ಹೋಗಿ ನಿಲ್ಲುವುದನ್ನು ಇಷ್ಟು ವರ್ಷ ಸಹಿಸಿಕೊಂಡೆ. ಇದಕ್ಕೂ ಮುಂಚೆಯೇ ಹೋಗಿ ನಿಲ್ಲುತ್ತೀಯ ಎಂದುಕೊಂಡಿರಲಿಲ್ಲ. ಡಾಕ್ಟರು ಕೈಚೆಲ್ಲಿ, ತಿಳಿಸಬೇಕಾದವರಿಗೆ ತಿಳಿಸಿಬಿಡಿ ಎಂದರಂತೆ, ಒಪ್ಪುತ್ತೇನೆ. ನೆಂಟರಿಗೆ ತಿಳಿಸಿ ಎಂದು ಅದರ ಅರ್ಥ, ಸುಡುವವರಿಗಲ್ಲ.

ಅದು ನನಗೆ ಗೊತ್ತಾದ ಬಗೆಯನ್ನಾದರೂ ನೀನು ಪೂರ್ತಿ ಕೇಳಬೇಕಿತ್ತು. ನಾನು ಮನೆಗೆ ಬಂದು ಇನ್ನೂ ವಾರವಾಗಿರಲಿಲ್ಲ, ಫೋನು ಬಡಿದುಕೊಂಡಿತು. ಯಾವಳೋ ಹುಡುಗಿ, ಬಹಳ ಮೆತ್ತಗಿನ ದನಿ. ಮೃತರ ಎತ್ತರ ಎಷ್ಟೆಂದು ಬರೆಸಿಲ್ಲ, ಹೇಳುತ್ತೀರಾ ಎಂದಳು. ಯಾರಮ್ಮ ಮೃತರು ಎಂದರೆ ನನ್ನ ಹೆಸರನ್ನೇ ಹೇಳಿದಳು. ನಿಂತಾಗ ಐದು ಅಡಿ ಎಂಟು ಅಂಗುಲ, ಮಲಗಿಸಿ ಯಾರೂ ಅಳೆದಿಲ್ಲ ಎಂದೆ. ನೀವು ಅವರಿಗೆ ಏನಾಗಬೇಕು ಎಂದು ಕೇಳಿದಳು. ಬಹಳ ಹತ್ತಿರದವನು ಎಂದೆ. ಧೈರ್ಯ ತಂದುಕೊಳ್ಳಿ ಸಾರ್ ಎಂದು ಸಮಾಧಾನ ಹೇಳಿ ಫೋನ್ ಇಟ್ಟಳು.

ಸಿಟ್ಟು ನೆತ್ತಿಗೇರಿದ್ದು ನಿಜ. ಮಗಳು-ಅಳಿಯನ ಎದುರೇ ನಿನ್ನನ್ನು, "ನಾನು ಯಾವಾಗ ಸಾಯ್ತೀನಿ ಅಂತ ಕಾಯ್ತಾ ಇದ್ಯಾ?" ಎಂದು ಕೇಳಿದ್ದೂ ನಿಜ. ನೀನು ಬಟ್ಟೆ ತುಂಬಿಕೊಂಡು ತಂಗಿಯ ಮನೆಗೆ ಹೊರಟೆ. ಜಗಳವನ್ನು ಅರ್ಧಕ್ಕೆ ಬಿಟ್ಟು ಹೋಗುವ ಅಭ್ಯಾಸ ನಿನಗೆ ಎಂದೂ ಇರಲಿಲ್ಲ.

ಮೊನ್ನೆ ಆ ಬುಕಿಂಗನ್ನು ರದ್ದು ಮಾಡಿಸಲು ನಾನೇ ಹೋದೆ. ಎಲ್ಲಿ ಹುಡುಕಿದೆಯೋ ಮಾರಾಯ್ತಿ. ಆಸ್ಪತ್ರೆಯ ಎದುರಿಗೇ ಒಂದು ಚಿತಾಗಾರವಿದೆ, ಮಾರ್ಕೆಟ್ಟಿನ ಹಿಂದೆ ಒಂದಿದೆ. ಎರಡನ್ನೂ ಬಿಟ್ಟು, ಊರಾಚೆ ಟೈರಿನ ಗೋಡೌನುಗಳನ್ನೆಲ್ಲ ದಾಟಿ, ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ್ದನ್ನು ಆರಿಸಿದ್ದೀಯ. ಬದುಕಿರುವವನಿಗೇ ಸುಸ್ತಾಯಿತು. ಮ್ಯಾನೇಜರನ ಮುಂದೆ ನಿಂತು, ಆ ಗಿರಾಕಿ ನಾನೇ, ರದ್ದು ಮಾಡಿ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬುಕ್ ಮಾಡಿದವರೇ ಬಂದು ಹೇಳಬೇಕು ಸಾರ್ ಎಂದ. ಸುಡಿಸಿಕೊಳ್ಳುವವನ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಬಂದದ್ದಾಯಿತಲ್ಲ ಎಂದು ಒಳಗೆಲ್ಲ ನೋಡಿದೆ. ಬದುಕಿಡೀ ಲಿಫ್ಟ್ ರಿಪೇರಿ ಮಾಡಿದವನ ಕಣ್ಣಿಗೆ ಮೊದಲು ಬಿದ್ದದ್ದು ಟ್ರಾಲಿಯ ಚಕ್ರ. ಕಿರುಗುಟ್ಟುತ್ತಿತ್ತು. ಅದರ ಮೇಲೆ ನಾನು ಹೋದರೆ ಜನ ಅಳುವುದು ಬಿಟ್ಟು ಕಿವಿ ಮುಚ್ಚಿಕೊಂಡಾರು. ಎಣ್ಣೆ ತರಿಸಿ ಸರಿಮಾಡಿ ಕೊಟ್ಟೆ. ಆಮೇಲೆ ನಿನ್ನ ಮೇಲಿನ ಕೋಪವನ್ನು ಮ್ಯಾನೇಜರನ ಮೇಲೆ ತೀರಿಸಿದೆ: ಏನು ಹೇಳಿ ನನ್ನ ಹೆಂಡತಿಯನ್ನು ಇಷ್ಟು ದೂರ ಎಳೆದಿರಿ ಎಂದು.

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ನೀನು ಹೂವಿನ ಬಗ್ಗೆ ಕೇಳಲಿಲ್ಲವಂತೆ, ದುಡ್ಡಿನ ಬಗ್ಗೆಯೂ ಕೇಳಲಿಲ್ಲವಂತೆ. ಅವರ ಪಕ್ಕ ಎಷ್ಟು ಹೊತ್ತು ಕೂರಬಹುದು ಎಂದಷ್ಟೇ ಕೇಳಿದೆಯಂತೆ. ಉಳಿದ ಎರಡು ಕಡೆ ಕಾಲು ಗಂಟೆಗೆಲ್ಲ ಎಬ್ಬಿಸಿ ಕಳಿಸುತ್ತಾರಂತೆ, ಹೊರಗೆ ಮುಂದಿನವರು ಕಾಯುತ್ತಿರುತ್ತಾರೆ ಎಂದು. ಇಲ್ಲಿ ಹಾಗಿಲ್ಲ, ನಿಮಗೆ ಸಾಕು ಅನ್ನಿಸುವವರೆಗೆ ಕೂರಬಹುದು ಎಂದು ಅವನು ಹೇಳಿದನಂತೆ. ಅದಕ್ಕೆ ನೀನು ಕೇಳಿದ್ದು:

"ಸಾಕು ಅನ್ನಿಸದೇ ಇದ್ರೆ?"

ಹೆಣ ಇಡುವ ಕೋಣೆಯಲ್ಲಿ ಅವರಿಗೆಂದೇ ಒಂದು ಕುರ್ಚಿ ಹಾಕಿಸಿದೆ ಸಾರ್ ಎಂದ ಅವನು. ಆಮೇಲೆ ಆ ಕೋಣೆಗೆ ಹೋಗಿ ನಿನಗೆಂದು ಇಟ್ಟ ಕುರ್ಚಿಯ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಎತ್ತರದ ಕುರ್ಚಿ ಅದು. ನಿನ್ನ ಕಾಲು ನೆಲ ಮುಟ್ಟುವುದಿಲ್ಲ, ಮಂಡಿ ಹಿಡಿದುಕೊಳ್ಳುತ್ತದೆ. ತಗ್ಗಿನದೊಂದು ಹಾಕಿಸಿ ಎಂದು ಜಗಳವಾಡಿ ಬಂದಿದ್ದೇನೆ.

ಈಗ ಕೇಳು. ಆ ಬುಕಿಂಗ್ ಹಾಗೇ ಇರಲಿ. ಆದರೆ ನನ್ನ ಪಕ್ಕ ಕೂರುವ ಆಸೆ ಅಷ್ಟಿದ್ದರೆ, ನಾನು ಎದುರುತ್ತರ ಕೊಡುವ ಹಾಗಿರುವಾಗಲೇ ಬಂದು ಕೂರು. ಏನು ಹೇಳಿದರೂ ಸುಮ್ಮನೆ ಮಲಗಿರುವ ಗಂಡನ ಪಕ್ಕ ಕೂತು ನಿನಗೇನು ಸುಖ? ಅವತ್ತು ಆ ಮಾತು ಆಡಿದ್ದು ನನ್ನದೇ ತಪ್ಪು. ಇದನ್ನು ಮಗಳ ಮುಂದೆ ಇನ್ನೊಮ್ಮೆ ಹೇಳು ಎನ್ನಬೇಡ, ಹೇಳಲು ನನಗೆ ಆಗುವುದಿಲ್ಲ.

ಇಂತಿ,
ಸದ್ಯಕ್ಕೆ ಸಿಟ್ಟಿನಿಂದ ಮಾತ್ರ ಉರಿಯುತ್ತಿರುವ
ನಿನ್ನ ಗಂಡ

ತಾ.ಕ.: ಮುಂದಿನ ವಾರ ನನ್ನನ್ನು ಮತ್ತೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಈ ಸಲ ಎದೆ ತೆರೆಯಬೇಕಂತೆ. ಮಗಳಿಗೆ ಹೇಳಿಲ್ಲ. ಜೊತೆಗೆ ಯಾರಿರುತ್ತಾರೆ ಎಂದು ಡಾಕ್ಟರು ಕೇಳಿದರು. ಹೆಂಡತಿ ಇರುತ್ತಾಳೆ ಎಂದು ಹೇಳಿಬಿಟ್ಟಿದ್ದೇನೆ.